ಮೈಗೆ ಸೇರಿದ ಮಾತ್ರೆ

"ಮಾತ್ರೆ ಕೊಟ್ಟಿದ್ದಾರೆ ಮೇಡಮ್. ಒಂದು ದಿನವೂ ತಪ್ಪಿಸಿಲ್ಲ."

ಡಾಕ್ಟರ್ ಶಶಿ ಇಷ್ಟು ಹೇಳಿ ವರದಿಯ ಹಾಳೆಯನ್ನು ಮೇಜಿನ ಮೇಲೆ ಇಟ್ಟರು. ಇನ್‌ಸ್ಪೆಕ್ಟರ್ ಚಂದ್ರಲೇಖಾ ಅದನ್ನು ಕೈಗೆತ್ತಿಕೊಳ್ಳಲಿಲ್ಲ. ಹೊರಗೆ ಹೊಸೂರಿನ ಬಾಗಲೂರು ರಸ್ತೆಯಲ್ಲಿ ಕಂಪನಿ ಬಸ್ಸುಗಳು ಸಾಲಾಗಿ ಹೋಗುತ್ತಿದ್ದವು.

ಉಬ್ಬಸದ ಮಲಮಗಳು ರಮ್ಯಳಿಗೆ ಮಾತ್ರೆ ಕೊಡದೆ ಸಾಯಿಸಿದಳೆಂದು ಉದ್ದನಪಲ್ಲಿಯ ಮುನಿರತ್ನಮ್ಮನನ್ನು ಇಪ್ಪತ್ತೆರಡು ದಿನದ ಹಿಂದೆ ಕೃಷ್ಣಗಿರಿ ಜೈಲಿಗೆ ಕಳಿಸಿದ್ದು ಇದೇ ಚಂದ್ರಲೇಖಾ.

"ಇನ್ನೊಂದು ಸಲ ಹೇಳಿ" ಎಂದಳು.

"ಫೆಬ್ರುವರಿ ಎಂಟರ ಬೆಳಿಗ್ಗೆ ಹುಡುಗೀನ ಆಸ್ಪತ್ರೆಗೆ ತಂದಾಗ, ಇಂಜೆಕ್ಷನ್ ಹಾಕೋಕೆ ಮುಂಚೆ ರಕ್ತ ತೆಗೆದಿದ್ದರು. ಅದನ್ನೇ ನೀವು ನನಗೆ ಕಳಿಸಿದ್ದು. ಅದರಲ್ಲಿ ಆ ಮಾತ್ರೆಯ ಸ್ಟೀರಾಯ್ಡ್ ಎಷ್ಟಿರಬೇಕೋ ಅಷ್ಟೇ ಇದೆ. ಅವತ್ತು ಬೆಳಿಗ್ಗೆಯೂ ಮಾತ್ರೆ ನುಂಗಿದ್ದಾಳೆ."

"ಅವತ್ತೊಂದು ದಿನ ಕೊಟ್ಟಿರಬಹುದು. ಹಿಂದಿನ ದಿನಗಳದ್ದು?"

"ಅದಕ್ಕೂ ಸಾಕ್ಷಿ ಇದೆ. ಇದೇ ಜಾತಿಯ ಒಂದು ಹಾರ್ಮೋನನ್ನ ನಮ್ಮ ಮೈ ತಾನೇ ತಯಾರು ಮಾಡುತ್ತೆ. ತಿಂಗಳುಗಟ್ಟಲೆ ಹೊರಗಿಂದ ಬರ್ತಾ ಇದ್ದರೆ ಮೈ ಆ ಕೆಲಸ ನಿಲ್ಲಿಸಿಬಿಡುತ್ತೆ. ರಮ್ಯಳ ರಕ್ತದಲ್ಲಿ ಅವಳದೇ ಹಾರ್ಮೋನು ಇಲ್ಲವೇ ಇಲ್ಲ ಅನ್ನೋ ಹಾಗಿದೆ. ಯಾರೋ ದಿನಾ ಕೈಯಾರೆ ಮಾತ್ರೆ ಕೊಟ್ಟಿದ್ದಾರೆ."

"ಅಡುಗೆಮನೆ ಡಬ್ಬದಲ್ಲಿ ಹತ್ತೊಂಬತ್ತು ಮಾತ್ರೆ ಸಿಕ್ಕಿದ್ದವು, ಡಾಕ್ಟ್ರೇ. ಕೊಡದೆ ಬಚ್ಚಿಟ್ಟಿದ್ದು ಅಂತ ನಾನು ಬರೆದೆ."

ಶಶಿ ರಮ್ಯಳ ಚಿಕಿತ್ಸೆಯ ಹಸಿರು ಫೈಲು ತೆರೆದು ಬೆರಳಿಟ್ಟು ತೋರಿಸಿದರು. ಜನವರಿ ಇಪ್ಪತ್ತೇಳು. ಎರಡು ಸಣ್ಣ ಮಾತ್ರೆಯ ಬದಲು ಇನ್ನು ಮುಂದೆ ಒಂದು ದೊಡ್ಡ ಮಾತ್ರೆ. ಹಳೆಯವು ಉಳಿದವು, ಅಷ್ಟೇ. ಎಸೆಯಲು ಮನಸ್ಸು ಬಾರದೆ ಮುನಿರತ್ನಮ್ಮ ಡಬ್ಬದಲ್ಲಿಟ್ಟಿದ್ದಳು.

ಚಂದ್ರಲೇಖಾ ಟೋಪಿಯನ್ನು ತೆಗೆದು ಮಡಿಲಲ್ಲಿಟ್ಟುಕೊಂಡಳು. ಬಂಧಿಸಲು ಹೋದ ದಿನ ಊರ ಹೆಂಗಸರು ಬಾಗಿಲಲ್ಲಿ ನಿಂತು ಮಣ್ಣು ತೂರಿದ್ದರು. ಮುನಿರತ್ನಮ್ಮ ತಲೆ ಮೇಲೆ ಸೆರಗು ಎಳೆದುಕೊಂಡು, ಒಂದು ಮಾತೂ ಆಡದೆ ಜೀಪು ಹತ್ತಿದ್ದಳು. ಆ ಮೌನವನ್ನೇ ಚಂದ್ರಲೇಖಾ ತಪ್ಪೊಪ್ಪಿಗೆ ಎಂದು ತಿಳಿದಿದ್ದಳು.

"ಮಾತ್ರೆ ಮೈಗೆ ಸೇರಿತ್ತು ಅಂದರೆ, ಹುಡುಗಿ ಸತ್ತಿದ್ದು ಯಾಕೆ?"

"ಅದನ್ನ ತೋರಿಸೋಕೇ ಕರೆದೆ. ಬನ್ನಿ."

ಒಳಕೋಣೆಯ ಕಂಪ್ಯೂಟರಿನಲ್ಲಿ ಶಶಿ ಒಂದು ಚಿತ್ರ ತೆರೆದರು. ಬೂದು ಹಿನ್ನೆಲೆಯಲ್ಲಿ ಅಕ್ಕಪಕ್ಕ ಮೂರು ಅಡ್ಡಗೆರೆ. ಮೊದಲನೆಯದು ಮಸುಕು. ನಡುವಿನದು ಕಾಡಿಗೆಯಷ್ಟು ಕಪ್ಪು. ಮೂರನೆಯದು ಮತ್ತೆ ಮಸುಕು.

"ಮೂರೂ ರಮ್ಯಳದೇ. ಯಾವ ಔಷಧಿಗೂ ಬಗ್ಗದ ಉಬ್ಬಸದವರ ಮೇಲೆ ನಾನು ಸಂಶೋಧನೆ ಮಾಡ್ತಿದೀನಿ. ಅವಳು ಮೂರು ಸಲ ರಕ್ತ ಕೊಟ್ಟಳು. ನವೆಂಬರ್ ಹನ್ನೆರಡು, ಜನವರಿ ಹನ್ನೊಂದು, ಜನವರಿ ಇಪ್ಪತ್ತೇಳು."

"ಈ ಗೆರೆ ಏನು?"

"ಹೇಳ್ತೀನಿ. ಸ್ಟೀರಾಯ್ಡ್ ತಾನಾಗೇ ಏನೂ ಮಾಡೋದಿಲ್ಲ. ಜೀವಕೋಶದ ಒಳಗೆ ಅದಕ್ಕಾಗಿಯೇ ಕಾದಿರೋ ಒಂದು ಪ್ರೋಟೀನ್ ಇದೆ. ರಿಸೆಪ್ಟರ್ ಅಂತೀವಿ. ಮಾತ್ರೆಯ ಹಾರ್ಮೋನು ಬಂದು ಅದಕ್ಕೆ ಅಂಟಿಕೊಂಡರೆ, ಅದು ಕೋಶಕೇಂದ್ರದ ಒಳಗೆ ಹೋಗುತ್ತೆ. ಜೀನ್‌ಗಳಿರೋದು ಅಲ್ಲಿ. ಊತ ತಗ್ಗಿಸೋ ಜೀನ್‌ಗಳನ್ನ ಎಬ್ಬಿಸುತ್ತೆ, ಊತ ಎಬ್ಬಿಸೋದನ್ನ ಸುಮ್ಮನಾಗಿಸುತ್ತೆ. ಆಗ ಉಸಿರು ಸಲೀಸಾಗುತ್ತೆ."

"ಸರಿ."

"ಆದರೆ ಆ ರಿಸೆಪ್ಟರ್ ಮೇಲೆ ಕೋಶವೇ ಸಣ್ಣ ಸಣ್ಣ ರಾಸಾಯನಿಕ ಗುರುತು ಅಂಟಿಸ್ತಾ ಇರುತ್ತೆ. ಫಾಸ್ಫೇಟ್ ಅಂತ. ಯಾವ ಜಾಗಕ್ಕೆ ಅಂಟಿತು ಅನ್ನೋದರ ಮೇಲೆ ಎಲ್ಲಾ ನಿಂತಿದೆ. ಒಂದು ಕಡೆ ಅಂಟಿದರೆ ಕೆಲಸ ಚುರುಕು. ಇನ್ನೊಂದು ಕಡೆ ಅಂಟಿದರೆ ರಿಸೆಪ್ಟರ್ ಕೇಂದ್ರದ ಒಳಗೇ ನಿಲ್ಲೋದಿಲ್ಲ, ಹೊರಗೇ ಉಳಿದುಬಿಡುತ್ತೆ. ಹಾರ್ಮೋನು ಬಂದಿದೆ, ರಿಸೆಪ್ಟರ್‌ಗೆ ಅಂಟಿದೆ, ಆದರೆ ಒಂದು ಜೀನೂ ಎದ್ದಿಲ್ಲ. ಈ ಕಪ್ಪು ಗೆರೆ ಆ ಕೆಟ್ಟ ಗುರುತು."

ಚಂದ್ರಲೇಖಾ ನಡುವಿನ ಗೆರೆಯನ್ನೇ ನೋಡಿದಳು. "ಅಂದರೆ ಜನವರಿ ಹನ್ನೊಂದಕ್ಕೆ..."

"ಮಾತ್ರೆ ನುಂಗಿಯೂ ನುಂಗದ ಹಾಗೆ."

"ನವೆಂಬರಲ್ಲಿ ಸರಿಯಾಗಿತ್ತು. ಜನವರಿ ಕೊನೆಗೆ ಮತ್ತೆ ಸರಿಹೋಯಿತು."

"ಹೂಂ. ಹುಟ್ಟಿನಿಂದ ಬಂದ ದೋಷವಾಗಿದ್ದರೆ ಹೀಗೆ ಬಂದು ಹೋಗೋದಿಲ್ಲ. ಹೊರಗಿನದೇನೋ ಅವಳ ಶ್ವಾಸಕೋಶವನ್ನ ಸುಡ್ತಾ ಇತ್ತು. ಸುಟ್ಟಾಗ ಗುರುತು ಅಂಟುತ್ತೆ, ದೂರ ಇದ್ದಾಗ ಕಳಚುತ್ತೆ. ಏನದು ಅಂತ ಈ ಗೆರೆ ಹೇಳೋದಿಲ್ಲ. ನಾನು ಅವಳನ್ನೇ ಕೇಳಿದೆ, ಡಿಸೆಂಬರಲ್ಲಿ ಏನಮ್ಮಾ ಬದಲಾಯಿತು ಅಂತ."

ಉತ್ತರ ಚಂದ್ರಲೇಖಾಗೆ ಗೊತ್ತಿತ್ತು. ರಮ್ಯ ಕೆಲಸ ಮಾಡುತ್ತಿದ್ದ ಹೂವಿನ ತೋಟದ ಹಾಜರಿ ಪುಸ್ತಕವನ್ನು ಅವಳೇ ಓದಿದ್ದಳು. ನವೆಂಬರಿನಲ್ಲಿ ರಮ್ಯ ಗುಲಾಬಿಗಳನ್ನು ಅಳತೆ ಪ್ರಕಾರ ಕಟ್ಟುವ ಹಾಲ್‌ನಲ್ಲಿದ್ದಳು. ಡಿಸೆಂಬರಿನಲ್ಲಿ ಪ್ರೇಮಿಗಳ ದಿನದ ಆರ್ಡರು ಶುರುವಾದಾಗ ಅವಳನ್ನು ಹೂ ಕೊಯ್ಯಲು, ಪ್ಲಾಸ್ಟಿಕ್ ಹಾಳೆ ಹೊದಿಸಿದ ಪಾಲಿಹೌಸ್ ಒಳಗೆ ಹಾಕಿದರು. ಸಂಕ್ರಾಂತಿಗೆ ಜವಳಗಿರಿಯ ದೊಡ್ಡಮ್ಮನ ಮನೆಗೆ ಹೋದವಳು ಹನ್ನೆರಡು ದಿನ ಅಲ್ಲೇ ಇದ್ದಳು. ಇಪ್ಪತ್ತೆಂಟಕ್ಕೆ ಮತ್ತೆ ಪಾಲಿಹೌಸ್.

"ಗಂಧಕ" ಎಂದಳು ಚಂದ್ರಲೇಖಾ.

ಹೋದ ವಾರ ಆ ಪಾಲಿಹೌಸ್ ಒಳಗೆ ನಡೆದಿದ್ದಳು. ಎಲೆಗೆ ಬೂದಿರೋಗ ಬಾರದ ಹಾಗೆ ಗಂಧಕ ಕಾಯಿಸುವ ಡಬ್ಬಗಳು ಸಾಲಿಗೆ ನಾಲ್ಕರಂತೆ ತೂಗುತ್ತಿದ್ದವು, ಅಂಚಿಗೆಲ್ಲ ಹಳದಿ ಹಕ್ಕಳೆ. ಕಣ್ಣು ಉರಿದು ನೀರು ಬಂದಿತ್ತು. ಕರವಸ್ತ್ರದಲ್ಲಿ ಒರೆಸಿಕೊಂಡು ಹೊರಗೆ ಬಂದು, ಮುನಿರತ್ನಮ್ಮನ ಮೇಲೆ ಇನ್ನೇನು ಸಾಕ್ಷಿ ಸಿಗಬಹುದೆಂದು ಯೋಚಿಸಿದ್ದಳು.

"ಹೊಗೆ ಪೂರಾ ಹೋಗೋವರೆಗೂ ಬಾಗಿಲು ತೆರೆದಿಟ್ಟು, ಆಮೇಲೆ ಜನರನ್ನ ಬಿಡಬೇಕು" ಶಶಿ ಹೇಳಿದರು. "ಆರ್ಡರಿನ ಅವಸರದಲ್ಲಿ ಅಷ್ಟು ಹೊತ್ತು ಕಾಯ್ತಿರಲಿಲ್ಲ ಅಂತ ಅವಳೇ ಹೇಳಿದಳು. ಬೇರೆಯವರಿಗೆ ಬರೀ ಕೆಮ್ಮು. ಇವಳಿಗೆ ಪ್ರಾಣ."

"ನೀವು ಯಾರಿಗೂ ತಿಳಿಸಲಿಲ್ಲವೇ?"

ಶಶಿಯ ದನಿ ಇಳಿಯಿತು. "ಕಾಗದ ಬರೆದೆ. ಮೂರನೇ ರಕ್ತದ ಫಲಿತಾಂಶ ಬರೋದು ಫೆಬ್ರುವರಿ ಒಂದಾಯಿತು. ತೋಟದವರಿಗೆ ತೋರಿಸಲಿ ಅಂತ ಇಂಗ್ಲಿಷಿನಲ್ಲೇ ಬರೆದೆ. ಮಾತ್ರೆ ಸರಿಯಾಗಿ ತಗೋತಿದ್ದಾಳೆ, ಆದರೆ ಹೊಗೆಯಿಂದಾಗಿ ಅದು ಕೆಲಸ ಮಾಡ್ತಿಲ್ಲ, ಇವಳನ್ನ ಇವತ್ತೇ ಅಲ್ಲಿಂದ ಬಿಡಿಸಿ ಅಂತ. ಫೋನೂ ಮಾಡಿದೆ, ಎರಡು ಸಲ. ಕೆಲಸದ ಹೊತ್ತಲ್ಲಿ ಫೋನ್ ಗೇಟಲ್ಲಿ ಇಟ್ಟು ಹೋಗಬೇಕಂತೆ, ಎತ್ತಲಿಲ್ಲ. ಕಾಗದ ತಲುಪಿದೆಯಲ್ಲ ಅಂತ ನಾನೂ ಬಿಟ್ಟೆ."

ಅವರು ಕನ್ನಡಕ ತೆಗೆದು ಸೀರೆಯ ಅಂಚಿಗೆ ಉಜ್ಜಿದರು. ತುಂಬಾ ಹೊತ್ತು ಉಜ್ಜಿದರು.

"ಮೂರನೇ ಸಲ ಮಾಡಬೇಕಿತ್ತು."

"ಕಾಗದ ತಲುಪಿತು ಅಂದಿರಲ್ಲ. ಯಾರ ಕೈಗೆ?"

ಶಶಿ ರಿಜಿಸ್ಟರ್ ತರಿಸಿದರು. ಫೆಬ್ರುವರಿ ಎರಡು. ಲಕೋಟೆ ಒಂದು. ಪಡೆದವರ ಸಹಿಯ ಜಾಗದಲ್ಲಿ ತಮಿಳು ಅಕ್ಷರಗಳು, ಉಳುಮೆಯ ಕೈಯಲ್ಲಿ ಬರೆದವು.

ದೊಡ್ಡವೆಂಕಟಪ್ಪ.

ರಮ್ಯಳ ತಂದೆ. ಮುನಿರತ್ನಮ್ಮನ ಗಂಡ. ಹೆಂಡತಿಯೇ ಮಗಳನ್ನು ಕೊಂದಳೆಂದು ಠಾಣೆಗೆ ಬಂದು ದೂರು ಕೊಟ್ಟವನು. ಡಾಕ್ಟರಿಂದ ಏನಾದರೂ ಬಂದಿತ್ತೇ ಎಂದು ಆಗ ಕೇಳಿದ್ದಕ್ಕೆ, ಏನೂ ಬಂದಿಲ್ಲ ಎಂದಿದ್ದವನು.

* * *

ದೊಡ್ಡವೆಂಕಟಪ್ಪ ಮನೆಯ ಹಿಂದಿನ ಹೊಲದಲ್ಲಿ ಬೀನ್ಸ್ ಬಳ್ಳಿಗೆ ಕಡ್ಡಿ ನೆಡುತ್ತಿದ್ದ. ಜೀಪಿನ ಸದ್ದು ಕೇಳಿದರೂ ತಲೆ ಎತ್ತಲಿಲ್ಲ. ಎರಡು ಕಡ್ಡಿ ನೆಟ್ಟು, ಮೂರನೆಯದನ್ನು ಅಲ್ಲೇ ಬಿಟ್ಟು, ಕೈ ಒರೆಸಿಕೊಂಡು ಬಂದ.

ಒಂದು ತಿಂಗಳಲ್ಲಿ ಆಳು ಅರ್ಧವಾಗಿದ್ದ. ಅಂಗಿ ಮೈಮೇಲೆ ನೇತಾಡುತ್ತಿತ್ತು.

"ಬನ್ನಿ ಮೇಡಮ್. ಕುಂತ್ಕಳಿ. ಬಾ ಏಟ್ಟಯ್ಯ."

ಹೆಡ್ ಕಾನ್‌ಸ್ಟೇಬಲ್ ಮುನಿಕೃಷ್ಣ ಜಗುಲಿಯ ಕೊನೆಯಲ್ಲಿ ನಿಂತ. ಆ ಕಡೆಯವರೆಲ್ಲ ಹೆಡ್ ಕಾನ್‌ಸ್ಟೇಬಲ್‌ಗಳನ್ನು ಏಟ್ಟಯ್ಯ ಎಂದೇ ಕರೆಯುವುದು. ಚಂದ್ರಲೇಖಾ ಕಲ್ಲುಚಪ್ಪಡಿಯ ಮೇಲೆ ಕೂತಳು.

ಒಳಗಿಂದ ಮುನಿಲಕ್ಷ್ಮಿ ನೀರು ತಂದಳು. ಮುನಿರತ್ನಮ್ಮನ ಹೊಟ್ಟೆಯಲ್ಲಿ ಹುಟ್ಟಿದ ಮಗಳು, ರಮ್ಯಳಿಗಿಂತ ನಾಲ್ಕು ವರ್ಷ ಚಿಕ್ಕವಳು. ಅದೇ ತೋಟದಲ್ಲಿ ಕೆಲಸಕ್ಕಿದ್ದವಳು, ಅಕ್ಕ ಸತ್ತ ಮೇಲೆ ಹೋಗಿಲ್ಲ. ಚೊಂಬು ಇಟ್ಟು ಬಾಗಿಲ ಮರೆಗೆ ಸರಿದಳು. ಹೋಗಲಿಲ್ಲ, ಅಲ್ಲೇ ನಿಂತಳು.

"ಯಜಮಾನ್ರೇ, ನಿಮ್ಮ ಹೆಂಡತಿ ಮಾತ್ರೆ ಕೊಟ್ಟಿದ್ದಾರೆ. ರಕ್ತದಲ್ಲಿ ಸಿಕ್ಕಿದೆ. ಒಂದು ದಿನವೂ ಬಿಟ್ಟಿಲ್ಲ."

ದೊಡ್ಡವೆಂಕಟಪ್ಪ ಕುಕ್ಕರುಗಾಲಲ್ಲಿ ಕೂತು ನೆಲ ನೋಡಿದ. ಕಣ್ಣಿಂದ ನೀರು ಇಳಿಯಿತು. ಒರೆಸಿಕೊಳ್ಳಲೂ ಇಲ್ಲ.

ಅವನು ಅಳುವುದನ್ನು ಚಂದ್ರಲೇಖಾ ನೋಡಿದಳು. ಅವನಿಗೆ ಆಶ್ಚರ್ಯವಾಗದ್ದನ್ನೂ ನೋಡಿದಳು.

"ಫೆಬ್ರುವರಿ ಎರಡರಂದು ಹೊಸೂರಿಗೆ ಹೋಗಿದ್ರಾ?"

"ಓಗಿದ್ದೆ."

"ಲಕೋಟೆ ತಗೊಂಡ್ರಾ?"

"ತಕ್ಕಂಡೆ."

"ನನಗೆ ಯಾಕೆ ಇಲ್ಲ ಅಂದ್ರಿ?"

ಅವನು ಒಂದು ಹಿಡಿ ಮಣ್ಣು ಎತ್ತಿ ಪುಡಿಮಾಡಿ ಬಿಟ್ಟ. "ಏನಂತ ಏಳ್ಲಿ ಮೇಡಮ್. ನಂಗೆ ತಮಿಳಾದ್ರೆ ಒಂದೊಂದೇ ಅಕ್ಷರ ಕೂಡಿಸ್ಕಂಡು ಓದ್ತೀನಿ. ಅದು ಇಂಗ್ಲೀಷು."

"ಯಾರ ಕೈಲಿ ಓದಿಸಿದ್ರಿ?"

"ಕುಮಾರೇಶನ ಕೈಲಿ."

ಕುಮಾರೇಶ್ ಆ ಹೂವಿನ ತೋಟದ ಸೂಪರ್‌ವೈಸರ್. ಮುನಿರತ್ನಮ್ಮನ ಅಣ್ಣನ ಮಗ. ಯಾರನ್ನು ಹಾಲ್‌ಗೆ, ಯಾರನ್ನು ಪಾಲಿಹೌಸಿಗೆ ಹಾಕಬೇಕೆಂದು ದಿನಾ ಬರೆಯುವವನು ಅವನೇ.

"ಏನು ಓದಿದ?"

"ಮಾತ್ರೆ ಮೈಗೆ ಅತ್ತುತಾ ಇಲ್ಲ ಅಂತ ಬರ್ದವ್ರೆ ಮಾವ ಅಂದ. ಮನೇಲಿ ಸರ್‍ಯಾಗಿ ಕೊಡ್ತಾವ್ರಾ ಇಲ್ವಾ ಒಸಿ ನೋಡ್ಕಳಿ ಅಂದ."

"ಹೊಗೆ ಅಂತ? ಗಂಧಕ ಅಂತ?"

"ಒಂದು ಮಾತೂ ಏಳ್ಲಿಲ್ಲ."

ಕಾಗದದಲ್ಲಿ ಇದ್ದದ್ದು ಎರಡೇ ಸಂಗತಿ. ಮಾತ್ರೆ ಮೈಗೆ ಸೇರಿದೆ, ಆದರೂ ಕೆಲಸ ಮಾಡುತ್ತಿಲ್ಲ. ಇವನ ಕಿವಿಗೆ ಬಿದ್ದಾಗ ಅದು, ಮಾತ್ರೆಯನ್ನೇ ಕೊಡುತ್ತಿಲ್ಲ ಎಂದಾಗಿತ್ತು. ಆ ನಡುವಿನ ಒಂದು ಸುಳ್ಳಿನಲ್ಲಿ ಹುಡುಗಿಯೊಬ್ಬಳು ಮಣ್ಣಾಗಿದ್ದಳು, ಹೆಂಗಸೊಬ್ಬಳು ಜೈಲಿನಲ್ಲಿದ್ದಳು.

"ಆಮೇಲೆ ನೀವೇನು ಮಾಡಿದ್ರಿ?"

"ಎಂಡ್ತೀನ ಕಾದೆ. ಆರು ದಿನ ಕಾದೆ ಮೇಡಮ್. ಬೆಳಗ್ಗೆ ಐದಕ್ಕೇ ಎದ್ದು ಮಾತ್ರೆ ಕೊಡ್ತಿದ್ಲು. ಕೊಡೋದು ಕಂಡೆ. ಯಾವ ಮಾತ್ರೆ ಕೊಟ್ಲೋ ಏನೋ ಅಂತ ಅನುಮಾನ. ಮಗು ಸತ್ತ್‌ಮ್ಯಾಕೆ ಡಬ್ಬ ತೆಗುದ್ರೆ ಅಷ್ಟು ಮಾತ್ರೆ ಅಲ್ಲೇ ಐತೆ."

"ಆರು ದಿನ ಹೆಂಡತಿಯನ್ನ ಕಾದ್ರಿ. ಆ ಆರು ದಿನದಲ್ಲಿ ಮಗಳನ್ನ ಒಂದು ಮಾತು ಕೇಳಲಿಲ್ವಾ? ರಮ್ಯ ಪ್ಲಸ್ ಟೂ ಓದಿದವಳು. ಕಾಗದ ಅವಳ ಕೈಗೇ ಕೊಟ್ಟಿದ್ದರೆ ಅವಳೇ ಓದ್ತಿದ್ಲು."

ಬಾಗಿಲ ಮರೆಯಲ್ಲಿ ಬಳೆ ಸದ್ದಾಯಿತು.

"ಎದ್ರಿಕೊಂಡಾಳು ಅಂತ ಕೊಡ್ಲಿಲ್ಲ."

"ಆ ಕಾಗದ ಎಲ್ಲಿದೆ?"

"ಅವಳ ಜೊತೇಲೇ ಮಣ್ಣು ಮಾಡ್ಬುಟ್ಟೆ."

"ಯಾಕೆ?"

"ಅವಳ ಎಸ್ರು ಇತ್ತಲ್ಲ ಮೇಡಮ್ ಅದ್ರಾಗೆ."

ಚಂದ್ರಲೇಖಾ ಎದ್ದು ಬಾಗಿಲ ಕಡೆ ತಿರುಗಿದಳು. "ಮುನಿಲಕ್ಷ್ಮಿ, ಈಚೆ ಬಾಮ್ಮ. ಕುಮಾರೇಶ್ ಕಾಗದ ಓದುವಾಗ ನೀನು ಮನೇಲಿದ್ಯಾ?"

ಹುಡುಗಿ ಹೊಸ್ತಿಲಿಗೆ ಬಂದಳು. ತುಟಿ ಒಣಗಿ ಬಿರಿದಿತ್ತು.

"ಅವಳು ಇರ್ನಿಲ್ಲ" ಎಂದ ದೊಡ್ಡವೆಂಕಟಪ್ಪ. ಅಷ್ಟು ಹೊತ್ತು ತಗ್ಗಿದ್ದ ದನಿ ಒಮ್ಮೆಲೇ ಗಟ್ಟಿಯಾಗಿತ್ತು. "ಅವಳಿಗೇನೂ ಗೊತ್ತಿಲ್ಲ. ಒಳಕ್ಕೋಗು ಮಗ."

"ನಾನು ಅವಳನ್ನ ಕೇಳಿದ್ದು."

"ಅಪ್ಪಯ್ಯ ಏಳ್ದಂಗೇ" ಎಂದಳು ಮುನಿಲಕ್ಷ್ಮಿ. ಸೀರೆಯ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು.

ದೊಡ್ಡವೆಂಕಟಪ್ಪ ಎರಡೂ ಕೈ ಜೋಡಿಸಿದ. "ಒಬ್ಬಳ್ನ ಕಳ್ಕಂಡಿದ್ದೀನಿ. ಇವಳ್ನ ಬುಟ್ಬುಡಿ."

ಜೀಪಿನ ಹತ್ತಿರ ಬಂದಾಗ ಮುನಿಕೃಷ್ಣ ದನಿ ತಗ್ಗಿಸಿ ಕೇಳಿದ. "ಅಮ್ಮಾ, ಕುಮಾರೇಶನ್ನ ಎತ್ತಾಕ್ಕಂಡು ಬರ್ಲಾ?"

"ಕರ್ಕೊಂಡು ಬನ್ನಿ. ಹೊಡೆಯೋದು ಬಡಿಯೋದು ಬೇಡ. ಆ ಕಾಗದದಲ್ಲಿ ಏನಿತ್ತು, ಇವರಿಗೆ ಏನು ಓದಿ ಹೇಳಿದ, ಅಷ್ಟು ಬರೆಸಿಕೊಳ್ಳಿ."

"ನೀವು?"

"ನಾನು ಕೃಷ್ಣಗಿರಿಗೆ."

* * *

ಜೀಪು ರಾಯಕೋಟೆ ದಾಟಿತು. ರಸ್ತೆಯ ಎರಡೂ ಕಡೆ ಟೊಮೆಟೊ ಹೊಲ, ಮಾವಿನ ತೋಪು. ಮಾವು ಹೂ ಉದುರಿಸಿ ಕಾಯಿ ಕಟ್ಟುತ್ತಿತ್ತು. ಹನ್ನೊಂದು ವರ್ಷದ ನೌಕರಿಯಲ್ಲಿ ತಪ್ಪು ಮನುಷ್ಯರನ್ನು ಹಿಡಿದದ್ದು ಇದೇ ಮೊದಲಲ್ಲ. ಆದರೆ ಹೋಗಿ ಅವರ ಎದುರಿಗೇ ನಿಂತು ಹೇಳಬೇಕಾಗಿ ಬಂದದ್ದು ಇದೇ ಮೊದಲು.

ಮುನಿರತ್ನಮ್ಮನನ್ನು ಮಾತಾಡಿಸುವ ಕೋಣೆಗೆ ಕರೆತಂದರು. ನಲವತ್ತೆರಡರ ಹೆಂಗಸು. ಹಣೆಯಲ್ಲಿ ಕುಂಕುಮ ಇರಲಿಲ್ಲ. ಬೆಂಚಿನ ಮೇಲೆ ಕೂರಲು ಹೇಳಿದರೆ ನೆಲಕ್ಕೇ ಕೂತಳು. ಸ್ವಲ್ಪ ಹೊತ್ತು ನೋಡಿ ಚಂದ್ರಲೇಖಾಳೂ ನೆಲಕ್ಕೆ ಕೂತಳು.

"ಮುನಿಲಕ್ಷ್ಮಿ ಮನೇಲವ್ಳಾ ಮೇಡಮ್?" ಮೊದಲ ಮಾತೇ ಅದು.

"ಇದ್ದಾಳೆ."

"ಉಣ್ತಾವ್ಳಾ?"

"ಕೇಳಲಿಲ್ಲ, ಅಕ್ಕ. ಕೇಳಬೇಕಿತ್ತು."

ಅಕ್ಕ ಎಂದು ಅವಳ ಬಾಯಿಂದ ಬಂದದ್ದು ತಾನಾಗಿಯೇ. ಮುನಿರತ್ನಮ್ಮ ಮುಖ ಎತ್ತಿ ಒಮ್ಮೆ ನೋಡಿದಳು.

"ನಿಮಗೆ ಒಂದು ವಿಷಯ ಹೇಳೋಕೆ ಬಂದೆ. ರಮ್ಯನ ರಕ್ತ ಪರೀಕ್ಷೆ ಮಾಡಿಸಿದೆವು. ನೀವು ದಿನಾ ಮಾತ್ರೆ ಕೊಟ್ಟಿದ್ದು ನಿಜ ಅಂತ ಬಂದಿದೆ. ಡಾಕ್ಟರು ಕೋರ್ಟಿಗೆ ಬಂದು ಹೇಳ್ತಾರೆ. ತಪ್ಪು ನನ್ನದು."

ಮುನಿರತ್ನಮ್ಮ ಅಳುತ್ತಾಳೆಂದು ಚಂದ್ರಲೇಖಾ ಕಾದಳು. ಅವಳು ಅಳಲಿಲ್ಲ. ಅಂಗೈ ಬಿಡಿಸಿ ಅದನ್ನೇ ನೋಡಿಕೊಂಡಳು.

"ನಾನ್ ಕೊಟ್ಟೆ ಅಂತ ಆ ರಕ್ತಕ್ಕಾದ್ರೂ ಗೊತ್ತಿತ್ತಲ್ಲ" ಎಂದಳು.

ಆಮೇಲೆ ನಿಧಾನವಾಗಿ, ಯಾರಿಗೋ ಹೇಳುವ ಹಾಗೆ ಹೇಳತೊಡಗಿದಳು. ತಾನು ಆ ಮನೆಗೆ ಬಂದಾಗ ರಮ್ಯಳಿಗೆ ಮೂರು ವರ್ಷ. ತಾಯಿ ಸತ್ತು ಆರು ತಿಂಗಳಾಗಿತ್ತು. ಮಗು ರಾತ್ರಿಯೆಲ್ಲ ಗೊರಗೊರ ಎನ್ನುತ್ತಿತ್ತು. ಮಲಗಿಸಿದರೆ ಉಸಿರು ಕಟ್ಟುತ್ತಿತ್ತು. ಅದನ್ನು ಎದೆಗೆ ಒರಗಿಸಿಕೊಂಡು ಗೋಡೆಗೆ ಕೂತೇ ನಿದ್ದೆ ಮಾಡಲು ಕಲಿತಳು.

"ಚಿಕ್ಕಮ್ಮ ಅಂತ್ಲೇ ಕರೀತಿದ್ಲು. ಅಮ್ಮ ಅನ್ನು ಅಂತ ನಾನು ಯಾವತ್ತೂ ಅನ್ಲಿಲ್ಲ. ಓದ ವರ್ಸ ಈ ಮಾತ್ರೆ ಸುರು ಆಯ್ತು. ಬಾಳ ಕಯ್ಯಿ. ಒಂದು ಚೂರು ಬೆಲ್ಲ ಮಡಗಿ ಕೊಡ್ತಿದ್ದೆ. ಇಪ್ಪತ್ಮೂರು ವರ್ಸದ ಉಡುಗಿ, ಬೆಲ್ಲ ಇಲ್ದಿದ್ರೆ ನುಂಗ್ತಿರ್ನಿಲ್ಲ."

ಚಂದ್ರಲೇಖಾ ನೆಲ ನೋಡಿದಳು.

"ನಾಳೆ ಕೋರ್ಟಿಗೆ ವರದಿ ಕೊಡ್ತೀನಿ. ಎರಡು ಮೂರು ದಿನದಲ್ಲಿ ಮನೆಗೆ ಹೋಗ್ತೀರಿ."

"ಬ್ಯಾಡ ಮೇಡಮ್."

"ಏನು ಬೇಡ?"

"ನಾನು ಬರಾಕಿಲ್ಲ. ನಾನೇ ಮಾಡ್ದೆ ಅಂತ ಬರ್ಕಳಿ."

"ಅಕ್ಕ, ನೀವು ಮಾಡಿಲ್ಲ ಅಂತ ರುಜುವಾತಾಗಿದೆ. ಮಾಡಿದ್ದು ಯಾರು ಅಂತಲೂ ಗೊತ್ತಾಗಿದೆ. ಡಾಕ್ಟರ ಕಾಗದ ಬಂದಿತ್ತು. ಪಾಲಿಹೌಸಿನ ಹೊಗೆಯಲ್ಲಿ ಮಾತ್ರೆ ಕೆಲಸ ಮಾಡೋದಿಲ್ಲ, ಹುಡುಗೀನ ಬಿಡಿಸಿ ಅಂತ. ಕುಮಾರೇಶ್ ಅದನ್ನ ತಿರುಚಿ ಓದಿದ. ನೀವು ಮಾತ್ರೆ ಕೊಡ್ತಿಲ್ಲ ಅಂತ ನಿಮ್ಮ ಗಂಡನ ತಲೆಯಲ್ಲಿ ತುಂಬಿದ."

ಮುನಿರತ್ನಮ್ಮ ಥಟ್ಟನೆ ತಲೆ ಎತ್ತಿದಳು.

"ಯಾರಂದ್ರು?"

"ನಿಮ್ಮ ಗಂಡನೇ. ಇವತ್ತು ಮಧ್ಯಾಹ್ನ."

ಅವಳು ತಲೆ ಅಲ್ಲಾಡಿಸಿದಳು. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. "ಇಲ್ಲ. ಅಂಗಲ್ಲ. ಆ ಉಡುಗನ ಮ್ಯಾಲೆ ಆಕ್ಬೇಡಿ. ಅವನು ಓದುವಾಗ ನಾನು ಅಲ್ಲೇ ಕುಂತಿದ್ದೆ. ಒಲೆ ಮುಂದೆ. ಸರ್‍ಯಾಗೇ ಓದ್ದ. ಒಂದೊಂದು ಸಾಲೂ ನಿಲ್ಸಿ ನಿಲ್ಸಿ ಕನ್ನಡದಾಗೆ ಏಳ್ದ. ನಾಳೆಯಿಂದ ಅವಳ್ನ ಕಳಿಸ್ಬೇಡಿ ಅತ್ತೆ ಅಂತ ನನ್ನ ಕಾಲು ಮುಟ್ಟಿ ಅತ್ತ."

ಚಂದ್ರಲೇಖಾ ಮುಂದಕ್ಕೆ ಬಾಗಿದಳು. "ನಿಮ್ಮ ಗಂಡ ಅಲ್ಲಿದ್ದರಾ?"

"ಇದ್ರು."

"ಕೇಳಿಸಿಕೊಂಡರಾ?"

"ಎಲ್ರೂ ಕೇಳಿಸ್ಕಂಡ್ವಿ."

"ಮತ್ತೆ ಮಾರನೇ ದಿನ ಅವಳನ್ನ ಕೆಲಸಕ್ಕೆ ಕಳಿಸಿದ್ದು ಯಾರು?"

ಮುನಿರತ್ನಮ್ಮ ಮುಖ ತಿರುಗಿಸಿದಳು.

"ಎಲ್ಲಾ ಗೊತ್ತಿದ್ದೂ ನಿಮ್ಮ ಗಂಡ ನಿಮ್ಮ ಮೇಲೆ ದೂರು ಕೊಟ್ಟರು. ನಿಮ್ಮನ್ನ ಜೈಲಿಗೆ ಹಾಕಿಸಿದರು. ಇನ್ನೂ ಅವರನ್ನ ಕಾಪಾಡ್ತೀರಾ?"

"ಅವ್ರು ಆಕಿಸ್ಲಿಲ್ಲ." ಮುನಿರತ್ನಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಟೇಸನ್‌ಗೆ ಓಗಾಕೆ ಅವರ ಕಾಲೇ ಏಳ್ತಿರ್ನಿಲ್ಲ. ಓಗು, ನನ್ನ ಎಸ್ರು ಏಳು ಅಂತ ನಾನೇ ಎಬ್ಬಿಸಿ ಕಳಿಸ್ದೆ. ಮಲತಾಯಿ ಮಾಡಿದ್ಲು ಅಂದ್ರೆ ಯಾರೂ ಇನ್ನೊಂದು ಮಾತು ಕೇಳಾಕಿಲ್ಲ ಅಂತ ಗೊತ್ತಿತ್ತು. ನೀವೂ ಕೇಳ್ಲಿಲ್ಲ."

ಆ ಮಾತಿನಲ್ಲಿ ಕೋಪ ಇರಲಿಲ್ಲ. ಅದಕ್ಕೇ ಚಂದ್ರಲೇಖಾಗೆ ತಡೆದುಕೊಳ್ಳಲಾಗಲಿಲ್ಲ.

ಜೇಬಿನಲ್ಲಿ ಫೋನ್ ಅದುರಿತು. ಮುನಿಕೃಷ್ಣ. ಎದ್ದು ಕಿಟಕಿಯ ಹತ್ತಿರ ಹೋದಳು.

"ಅಮ್ಮಾ, ಕುಮಾರೇಶ ಒಪ್ಕಂಡ್ಬುಟ್ಟ. ನಾನು ಏನೂ ಕೇಳೇ ಇರ್ನಿಲ್ಲ. ತೋಟದ ಗೇಟಲ್ಲೇ ಬಂದು ಜೀಪು ಅತ್ತಿದ. ಕಾಗದಾನ ಬೇಕಂತ್ಲೇ ತಪ್ಪು ಓದ್ದೆ, ಆರ್ಡ್ರು ಮುಗಿಯೋಗಂಟ ಆಳು ಬೇಕಾಗಿತ್ತು ಅಂತ ತನ್ನ ಕೈಯಾರೆ ಬರ್ದು ಸೈನ್ ಆಕವ್ನೆ. ಕಣ್ಣಾಗೆ ಒಂದೇ ಸಮ ನೀರು. ಏನ್ ಮಾಡ್ಲಿ?"

"ಕೂರಿಸಿರಿ. ನಾನು ಬರ್ತೀನಿ."

ತಿರುಗಿದಾಗ ಮುನಿರತ್ನಮ್ಮ ಎದ್ದು ನಿಂತಿದ್ದಳು. ಫೋನಿನ ದನಿ ಆ ಸಣ್ಣ ಕೋಣೆಯಲ್ಲಿ ಅವಳಿಗೂ ಕೇಳಿಸಿತ್ತು.

"ಅವನು ಸರಿಯಾಗಿ ಓದಿದ ಅಂತ ನೀವು ಅಂತೀರಿ. ಅವನು ತಪ್ಪು ಓದಿದೆ ಅಂತ ಬರೆದುಕೊಟ್ಟಿದ್ದಾನೆ" ಎಂದಳು ಚಂದ್ರಲೇಖಾ. "ನೀವು, ನಿಮ್ಮ ಗಂಡ, ಈಗ ಆ ಹುಡುಗ. ಮೂರು ಜನ ಸೇರಿ ಏನನ್ನ ಮುಚ್ಚಿಡ್ತಿದ್ದೀರಿ?"

ಮುನಿರತ್ನಮ್ಮ ಗೋಡೆಗೆ ಕೈ ಊರಿದಳು. ಇಷ್ಟು ಹೊತ್ತು ಬಾರದ ಅಳು ಈಗ ಬಂತು, ಸದ್ದಿಲ್ಲದೆ.

"ಅಂಗಾರೆ ಅವನೂ ಮಾತು ಉಳಿಸ್ಕಂಡ."

"ಯಾವ ಮಾತು? ಯಾರಿಗೆ ಕೊಟ್ಟ ಮಾತು?"

ವಾರ್ಡರ್ ಬಾಗಿಲು ತೆರೆದು, ಹೊತ್ತಾಯಿತು ಎಂದಳು. ಮುನಿರತ್ನಮ್ಮ ಎರಡು ಹೆಜ್ಜೆ ನಡೆದು ನಿಂತಳು. ಹಿಂದಿರುಗಿ ನೋಡದೆಯೇ ಹೇಳಿದಳು.

"ತಂಗಿ ಎಸ್ರು ಎಲ್ಲೂ ಬರ್ಬಾರ್ದು ಅಂತ ಎಲ್ರ ಕೈಲೂ ಮಾತು ತಕ್ಕಂಡ್ಲಲ್ಲ, ನಮ್ ರಮ್ಯಂಗೆ."